ಸಿಂದಗಿಯ ‘ಗಿ’

ನನ್ನ ಕಂಪ್ಯೂಟರಿಗೆ ಕನ್ನಡ ಬರುತ್ತದೆ ಎಂದು ಹೇಳಿ ಮಾರಿದವನನ್ನು ನಾನು ಇನ್ನೂ ಹುಡುಕುತ್ತಿದ್ದೇನೆ. ಹಳೆಯ ವಾರಪತ್ರಿಕೆಗೆ ಬರೆದದ್ದನ್ನೆಲ್ಲ ಒಂದೆಡೆ ಸೇರಿಸೋಣವೆಂದು ಟೈಪು ಮಾಡಲು ಕುಳಿತರೆ, ಕಾಗುಣಿತ ನೋಡಬೇಕಾದ ಯಂತ್ರ ಸಾಲುಸಾಲಿಗೂ ಕೆಂಪು ಗೆರೆ ಎಳೆಯುತ್ತದೆ. ಆರಿಸಿ ಹಚ್ಚಿದೆ. ಭಾಷೆ ಬದಲಿಸಿ ಮತ್ತೆ ಕನ್ನಡಕ್ಕೆ ತಂದೆ. ಅದನ್ನು ಪೂರ್ತಿ ಕಿತ್ತು ಮತ್ತೆ ಹಾಕಿದೆ. ನಿಜವಾದ ತಪ್ಪು ಕಂಡರೆ ಸುಮ್ಮನಿರುವ ಈ ಪುಣ್ಯಾತ್ಮ, ‘ಸಿಂದಗಿ’ ಎಂದು ಸರಿಯಾಗಿ ಬರೆದ ಕೂಡಲೇ ಕೆಂಪಾಗಿ, ‘ಸಂಡಿಗೆ’ ಅನ್ನಬೇಕಿತ್ತೇ ಎಂದು ಕೇಳುತ್ತಾನೆ. ‘ಇಂಡಿ’ ಎಂದರೆ ‘ಹಿಂಡಿ’ ಎನ್ನುತ್ತಾನೆ. ಒಂದು ತಾಲೂಕನ್ನು ಹಪ್ಪಳದ ಜೊತೆ ಬಿಸಿಲಿಗೆ ಹಾಕಿದ, ಇನ್ನೊಂದನ್ನು ಎಮ್ಮೆಗೆ ತಿನ್ನಿಸಿದ. ಸಿಟ್ಟಿನಿಂದ ಮುಚ್ಚಿಟ್ಟೆ. ಮುಚ್ಚುವಾಗ, ಇಂಥವರೇ ಒಬ್ಬರ ಜೊತೆ ನಾನು ವರ್ಷಗಟ್ಟಲೆ ಗುದ್ದಾಡಿದ್ದು ನೆನಪಾಯಿತು. ಅವರನ್ನು ಆರಿಸಿ ಹಚ್ಚುವ ಅನುಕೂಲ ಇರಲಿಲ್ಲ.

ಅವರ ಹೆಸರನ್ನು ಬರೆಯುವುದಿಲ್ಲ. ಸಹಿ ಮಾಡುವಾಗ ಅವರೇ ಮನೆತನದ ಅಡ್ಡಹೆಸರಿನ ಕೊನೆಯ ಅಕ್ಷರವನ್ನು ಒಂದು ಉದ್ದ ಗೆರೆಯೊಳಗೆ ನುಂಗಿಸಿಬಿಡುತ್ತಿದ್ದರು. ಊರೆಲ್ಲ ಅವರನ್ನು ಮಾಸ್ತರು ಎನ್ನುತ್ತಿತ್ತು, ನಾನೂ ಹಾಗೆಯೇ ಅನ್ನುತ್ತೇನೆ.

ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ಹೊಸತು. ಬಸವನ ಬಾಗೇವಾಡಿಯಲ್ಲಿ ಕಾಲಿನಿಂದ ತುಳಿಯುವ ಒಂದು ಅಚ್ಚಿನ ಯಂತ್ರ ಇಟ್ಟುಕೊಂಡು ನಾನು ವಾರಪತ್ರಿಕೆ ತರುತ್ತಿದ್ದೆ. ಸಂಪಾದಕ ನಾನೇ, ಮಾಲೀಕ ನಾನೇ, ಕಟ್ಟು ಹೊತ್ತು ಬಸ್ಸಿಗೆ ಹಾಕುವವನೂ ನಾನೇ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಬಸ್ಸುಗಳಲ್ಲಿ ಪತ್ರಿಕೆ ಹೋಗುತ್ತಿತ್ತು. ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಆರಿಸಿ ಜೋಡಿಸಲು ರಾಜೇಸಾಬ ಎಂಬ ಗಟ್ಟಿ ಆಳಿದ್ದ. ಅವನ ಕೈ ಚುರುಕು, ಬಾಯಿ ಇನ್ನೂ ಚುರುಕು. ತಪ್ಪು ಹುಡುಕಲು ಮಾತ್ರ ಯಾರೂ ಇರಲಿಲ್ಲ. ಆಗ ಮಾಸ್ತರು ಸರಕಾರಿ ಶಾಲೆಯಿಂದ ನಿವೃತ್ತರಾದರು. ಒಂದು ಮುಂಜಾನೆ ತಾವಾಗಿಯೇ ಬಂದು, ನನ್ನ ಹಿಂದಿನ ವಾರದ ಸಂಚಿಕೆಯನ್ನು ಮೇಜಿನ ಮೇಲೆ ಹರವಿದರು. ಪುಟ ತುಂಬ ಕೆಂಪು ಶಾಯಿ. ಗೊಬ್ಬರ ಹಾಕಿದ ಹೊಲದಲ್ಲಿ ಇಷ್ಟು ಕಳೆ ಹುಟ್ಟುವುದಿಲ್ಲ ಎಂದರು. ನಾಳೆಯಿಂದ ಬರುವುದಾಗಿಯೂ ಅವರೇ ಹೇಳಿದರು.

ಕಚ್ಚೆ ಧೋತರ, ಬಿಳಿ ಟೊಪ್ಪಿಗೆ, ಜೇಬಿನಲ್ಲಿ ಕೆಂಪು ಶಾಯಿಯ ಪೆನ್ನು. ಓದುವಾಗ ಬೆನ್ನು ಗೋಡೆಗೆ ತಾಗುತ್ತಿರಲಿಲ್ಲ. ಚಹಾ ಬಂದರೆ ಕಪ್ಪಿನಿಂದ ಬಸಿಗೆ ಸುರುವಿ, ಆರಿ ತಣ್ಣಗಾಗುವವರೆಗೆ ಒಂದು ಅಂಕಣ ಮುಗಿಸಿ, ಆ ತಣ್ಣೀರನ್ನು ಸಂತೋಷದಿಂದ ಕುಡಿಯುತ್ತಿದ್ದರು. ಮದುವೆಗೆ ಕರೆದವರ ಲಗ್ನಪತ್ರಿಕೆಯನ್ನು ತಿದ್ದಿ ವಾಪಸ್ಸು ಕೊಟ್ಟು, ವಧೂವರರಿಗೆ ಅಕ್ಕಿಕಾಳು ಹಾಕಲೂ ಹೋಗಿಬರುತ್ತಿದ್ದರು. ಬಸ್‌ಸ್ಟ್ಯಾಂಡಿನ ಖಾನಾವಳಿಯವನು ಇವರು ಬರುವುದನ್ನು ಕಂಡರೆ ತಿಂಡಿಯ ಹೆಸರು ಬರೆದ ಹಲಗೆಯನ್ನು ಗೋಡೆಯ ಕಡೆ ತಿರುಗಿಸುತ್ತಿದ್ದ.

ಎಲ್ಲಕ್ಕಿಂತ ವಿಚಿತ್ರ ಅವರ ಮಾತು. ನಮ್ಮ ಕಡೆ ಹುಟ್ಟಿ ಬೆಳೆದ ಮನುಷ್ಯ ‘ಐತಿ’ ಅಂದದ್ದನ್ನು ನಾನು ಕೇಳಿರಲಿಲ್ಲ. ‘ಇದೆ’ ಅನ್ನುತ್ತಿದ್ದರು. ಕಾಯಿಪಲ್ಯ ಕೊಳ್ಳುವಾಗಲೂ ಅವರ ಬಾಯಿಂದ ಪಠ್ಯಪುಸ್ತಕವೇ ಬರುತ್ತಿತ್ತು. ಬದನೆಕಾಯಿ ಮಾರುವಾಕೆ ಒಮ್ಮೆ ಅವರನ್ನು ಬೆಂಗಳೂರು ಕಡೆಯ ಸಾಹೇಬರೆಂದು ತಿಳಿದು ತೂಕದಲ್ಲಿ ಕೈಚಳಕ ತೋರಿಸಿದಳಂತೆ. ಬಾಯಿಗೆ ಬಂದದ್ದೆಲ್ಲ ಅಚ್ಚಿಗೆ ಬರಬಾರದು ಎನ್ನುವುದು ಅವರ ಮಂತ್ರ. ದಿನಕ್ಕೊಮ್ಮೆಯಾದರೂ ನಮಗೆ ಅದರ ಉಪದೇಶ ಆಗುತ್ತಿತ್ತು.

ಅವರು ಬಂದ ಮೇಲೆ ಒತ್ತಕ್ಷರ ಸರಿಹೋದವು. ಅಲ್ಪಪ್ರಾಣ ಮಹಾಪ್ರಾಣಗಳು ತಂತಮ್ಮ ಜಾಗ ಹಿಡಿದವು. ನಾನು ಹಿಗ್ಗಿದೆ. ಅಷ್ಟರಲ್ಲಿ ಸಿಂದಗಿಯಿಂದ ಒಬ್ಬ ಓದುಗರ ಕಾರ್ಡು ಬಂತು. ನಿಮ್ಮ ಪತ್ರಿಕೆಯಲ್ಲಿ ‘ಸಿಂದಗೆ’ ಎಂಬ ಊರಿನ ಸುದ್ದಿ ಓದಿದೆವು, ಅಲ್ಲಿಗೆ ನಮ್ಮೂರಿಂದ ಬಸ್ಸು ಇದೆಯೋ ನಡೆದೇ ಹೋಗಬೇಕೋ ಎಂದು ಕೇಳಿದ್ದರು.

ಸಂಚಿಕೆ ತೆಗೆದು ನೋಡಿದೆ. ಸಿಂದಗಿ ‘ಸಿಂದಗೆ’ ಆಗಿದೆ. ಇಂಡಿ ‘ಇಂಡೆ’. ದೇವರ ಹಿಪ್ಪರಗಿ ‘ದೇವರ ಹಿಪ್ಪರಗೆ’. ಮಸೂತಿ ‘ಮಸೂತೆ’. ಕೊನೆಗೆ ಇಕಾರವಿಲ್ಲದ ಪುಣ್ಯಕ್ಕೆ ಮುದ್ದೇಬಿಹಾಳ ಉಳಿದುಕೊಂಡಿತ್ತು.

ಕೂಗಾಡಿದ್ದು ರಾಜೇಸಾಬನ ಮೇಲೆ. ಅವನು ತನ್ನ ಮಕ್ಕಳ ಆಣೆ ಮಾಡಿ, ತಾನು ಹಾಕಿದ್ದು ‘ಗಿ’ಯೇ ಎಂದ. ಹಾಗಾದರೆ ಮೊಳೆಗಳು ಬೆರಕೆಯಾಗಿರಬೇಕು, ‘ಗಿ’ಯ ಮನೆಯಲ್ಲಿ ‘ಗೆ’ ಬಿದ್ದಿರಬೇಕು ಎಂದೆ. ಮೊಳೆಪೆಟ್ಟಿಗೆಯ ಅಷ್ಟೂ ಖಾನೆಗಳನ್ನು ಚಾಪೆಯ ಮೇಲೆ ಸುರುವಿ ಜೋಳ ಹಸನು ಮಾಡಿದಂತೆ ಆರಿಸಿದೆವು. ಸೇಂಗಾ ಸಿಪ್ಪೆ ಸಿಕ್ಕಿತು, ರಾಜೇಸಾಬ ಕಳೆದುಕೊಂಡಿದ್ದ ಅಂಗಿಯ ಗುಂಡಿ ಸಿಕ್ಕಿತು. ಬೆರಕೆ ಸಿಗಲಿಲ್ಲ. ಮುಂದಿನ ವಾರ ಮತ್ತೆ ಸಿಂದಗೆ. ಅಕ್ಷರಗಳು ಸವೆದು ಒಂದು ಇನ್ನೊಂದರಂತೆ ಕಾಣುತ್ತಿರಬಹುದೆಂದು ಹೊಸ ಮೊಳೆ ತರಿಸಿದೆ. ಹೊಸ ಮೊಳೆಯಲ್ಲಿ ಸಿಂದಗೆ ಇನ್ನೂ ಚೆಂದಾಗಿ ಮೂಡಿತು. ಬೆಳಕು ಸಾಲದೇನೋ ಎಂದು ಮಾಸ್ತರ ಮೇಜನ್ನು ಕಿಟಕಿಗೆ ಸರಿಸಿದೆ. ಕಣ್ಣು ಮಂಜಾಗಿರಬೇಕೆಂದು ಬಲವಂತದಿಂದ ವೈದ್ಯರ ಬಳಿ ಕರೆದೊಯ್ದೆ. ವೈದ್ಯರು ಗೋಡೆಗೆ ಹಚ್ಚಿದ ಅಕ್ಷರಗಳ ಹಾಳೆಯನ್ನು ಮಾಸ್ತರು ಕೆಳಗಿನ ಸಾಲಿನವರೆಗೂ ಓದಿ, ಅದರಲ್ಲಿದ್ದ ಒಂದು ತಪ್ಪನ್ನೂ ತೋರಿಸಿ ಬಂದರು.

ಕೊನೆಗೆ ತಾಳ್ಮೆ ಕೆಟ್ಟು, ಅವರು ಪ್ರೂಫ್ ನೋಡುವಾಗ ಎದುರಿಗೇ ಕುರ್ಚಿ ಹಾಕಿಕೊಂಡು ಕುಳಿತೆ. ಕೆಂಪು ಪೆನ್ನು ಸಾಲಿನ ಮೇಲೆ ಎತ್ತಿನ ಹಾಗೆ ನಿಧಾನ ಸಾಗಿತು. ‘ಇಂಡಿ’ಯ ಹತ್ತಿರ ನಿಂತಿತು. ‘ಡಿ’ಯನ್ನು ಹೊಡೆದು, ಪಕ್ಕದಲ್ಲಿ ದುಂಡಗೆ ‘ಡೆ’ ಎಂದು ಬರೆಯಿತು. ಕೆಂಪು ಗುರುತು ಕಂಡಲ್ಲಿ ಪದ ಓದದೆ ಮೊಳೆ ಬದಲಿಸುತ್ತಿದ್ದ ರಾಜೇಸಾಬನಿಗೂ ಇದು ಹೊಳೆದಿರಲಿಲ್ಲ. ಬೇನೆ ಎಲ್ಲಿದೆಯೆಂದು ಊರೆಲ್ಲ ತಡವಿದ್ದೆ, ಅದು ಔಷಧಿಯ ಬಾಟಲಿಯಲ್ಲೇ ಇತ್ತು.

ಇದೇನು ಮಾಸ್ತರೇ ಎಂದೆ. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಜನ ಶಾಲೆಗೆ ಸಾಲಿ ಎನ್ನುತ್ತಾರೆ, ತಲೆಗೆ ತಲಿ ಎನ್ನುತ್ತಾರೆ, ಹೊಳೆಗೆ ಹೊಳಿ ಎನ್ನುತ್ತಾರೆ. ಅಂದ ಮಾತ್ರಕ್ಕೆ ಹಾಗೆ ಅಚ್ಚು ಹಾಕುತ್ತೇವೆಯೇ? ಇಂಡಿ ಎನ್ನುವುದೂ ಅದೇ ಬಾಯಿ ತಾನೇ? ಗಾಳಿ, ಕುರಿ, ಹಳ್ಳಿ ಸರಿ, ಅವು ಪುಸ್ತಕದಲ್ಲಿವೆ. ಪುಸ್ತಕದಲ್ಲಿ ಕಾಣದ ಇಕಾರವನ್ನು ನಂಬಬಾರದು ಎಂದರು.

ಬಸ್ಸಿನ ಹಲಗೆಯ ಮೇಲೆ ಸಿಂದಗಿ ಎಂದೇ ಇದೆಯಲ್ಲ ಎಂದೆ. ಆ ಹಲಗೆ ಬರೆದವನು ತಮ್ಮ ಶಿಷ್ಯ, ಮೂರನೆಯ ಇಯತ್ತೆ ದಾಟಲಿಲ್ಲ ಎಂದರು. ಸರಕಾರದ ನಕಾಶೆ ತಂದು ತೋರಿಸಿದೆ. ನಕಾಶೆ ಮಾಡಿದವರು ಹೊರಗಿನವರು, ಊರಿನ ಹೆಸರೇನೆಂದು ಅವರು ಕೇಳಿದ್ದು ನಮ್ಮವರನ್ನೇ, ನಮ್ಮವರು ತಮ್ಮ ಬಾಯಿಯಂತೆ ಹೇಳಿದರು ಎಂದರು. ಹಾಗಾದರೆ ಬಾಗೇವಾಡಿಯನ್ನು ಯಾಕೆ ಬಿಟ್ಟಿರಿ ಎಂದು ಕೇಳಿದೆ. ಅದು ಬಸವಣ್ಣನವರು ಹುಟ್ಟಿದ ಊರು, ತಿದ್ದುವ ಯೋಗ್ಯತೆ ತಮಗಿಲ್ಲ ಎಂದು ಕೈಮುಗಿದರು. ಇಂಥವರ ಜೊತೆ ಯಾವ ದಿಕ್ಕಿನಿಂದ ವಾದ ಮಾಡುವುದು? ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಅದು ಕಿವಿಯನ್ನಾದರೂ ಅಲ್ಲಾಡಿಸೀತು. ಇವರು ಕಿನ್ನರಿಯ ಶ್ರುತಿ ತಪ್ಪಿದೆ ಎಂದು ತೋರಿಸುವವರು.

ನಾನು ಸಿಟ್ಟಿನಿಂದ ಎದ್ದು ನಿಂತಾಗ ಅವರು ಪೆನ್ನಿಗೆ ಮುಚ್ಚಳ ಹಾಕಿ, ದನಿ ತಗ್ಗಿಸಿ, “ಈ ಪತ್ರಿಕೆ ಅಂಚೆಯಲ್ಲಿ ಬೆಂಗಳೂರಿಗೂ ಹೋಗುತ್ತದೆ. ಅಲ್ಲಿ ಯಾರೂ ನಮ್ಮ ಕನ್ನಡ ಓದಿ ನಗಬಾರದು,” ಎಂದರು. ನಗುತ್ತಿರುವುದು ಸಿಂದಗಿಯವರು ಎಂದು ಹೇಳಬೇಕೆಂದು ಬಾಯಿ ತೆರೆದವನು ಅವರ ಮುಖ ನೋಡಿ ಮತ್ತೆ ಕುರ್ಚಿಯಲ್ಲಿ ಕುಳಿತೆ.

ಇಲ್ಲಿ ಅವರ ತಾಯಿಯ ವಿಷಯ ಹೇಳಬೇಕು. ಹೆಂಡತಿ ತೀರಿಕೊಂಡ ಮೇಲೆ ಮಾಸ್ತರ ಅಡಿಗೆ ನೋಡಿಕೊಳ್ಳಲು ಆ ಅಜ್ಜಿ ಮಸೂತಿಯಿಂದ ಬಂದು ಇದ್ದುಬಿಟ್ಟಿದ್ದಳು. ಕುರಿ ಕಾಯುವ ಮನೆತನ. ಹೆಗಲ ಮೇಲೆ ಕಂಬಳಿ, ಕೈಯಲ್ಲೊಂದು ಕೋಲು. ಮನೆ ನಮ್ಮ ಓಣಿಯ ತುದಿಗೇ ಇತ್ತು. ಬೆಳಗ್ಗೆ ಹೊಕ್ಕ ಮಗ ಹೊತ್ತು ಮುಳುಗಿದರೂ ಹೊರಗೆ ಬರದಿದ್ದರೆ ಆಕೆಯೇ ಅಚ್ಚುಕೂಟದ ಬಾಗಿಲಿಗೆ ಬಂದು, ಕುರಿ ಕರೆದ ದನಿಯಲ್ಲೇ ಮಗನನ್ನು ಕರೆಯುತ್ತಿದ್ದಳು.

“ಹೊತ್ತಾತು, ಮನಿಗಿ ಬಾ.”

ಮಾಸ್ತರು ತಲೆ ಎತ್ತದೆ, ಮನೆಗೆ ಅನ್ನಬೇಕು ಅವ್ವ, ಮನೆಗೆ, ಎಂದು ತಿದ್ದುತ್ತಿದ್ದರು. ಇದು ದಿನದ ಆಟ. ಆಕೆ ಒಂದು ದಿನವೂ ತಿದ್ದಿಕೊಳ್ಳಲಿಲ್ಲ. ಒಮ್ಮೆ ಮಾತ್ರ ನನ್ನ ಕಡೆ ತಿರುಗಿ, “ಮನೆ ಯಾರದೋ ಏನೋರಿ. ನಮ್ಮದು ಮನಿ ಐತಿ,” ಎಂದಳು. ರಾಜೇಸಾಬ ನಕ್ಕ ನಗೆಗೆ ಜೋಡಿಸಿದ್ದ ಅರ್ಧ ಅಂಕಣದ ಮೊಳೆ ನೆಲಕ್ಕೆ ಚೆಲ್ಲಿತು.

ಮಾಸ್ತರನ್ನು ಕೆಲಸದಿಂದ ಬಿಡಿಸಿಬಿಡಬೇಕೆಂದು ನಾನು ನಿರ್ಧರಿಸಿದ ದಿನವೂ ಆಕೆಯೇ ಬಂದಳು. ಇಂಡಿಯ ಚಂದಾದಾರರು ತಮ್ಮ ಊರಿನ ಹೆಸರು ಬರೆಯಲು ಬಾರದ ಪತ್ರಿಕೆ ತಮಗೆ ಬೇಡವೆಂದು ನಿಲ್ಲಿಸತೊಡಗಿದ್ದರು. ಹೇಳಿಯೇಬಿಡೋಣವೆಂದು ಕಾಯುತ್ತಿದ್ದೆ. ಮಾಸ್ತರು ಅಂಚೆಗೆ ಹೋಗಿದ್ದರು. ಅಜ್ಜಿ ಹೊಸ್ತಿಲ ಮೇಲೆ ಕುಳಿತು, ಕೇಳದಿದ್ದರೂ ಮಗನ ಕತೆ ತೆಗೆದಳು. ಮಾಸ್ತರಿಕೆ ಕಲಿಯಲು ಪರಸ್ಥಳಕ್ಕೆ ಹೋದಾಗ, ಮೊದಲ ಪಾಠದಲ್ಲಿ ಮಕ್ಕಳಿಗೆ ‘ತಲಿ ಎತ್ತಿ ನೋಡ್ರಿ’ ಅಂದನಂತೆ. ಜೊತೆಗೆ ಕಲಿಯಲು ಬಂದವರೆಲ್ಲ ನಕ್ಕರಂತೆ. ಕಲಿಸುವವರು ಅವನ ಕೈಗೆ ಸುಣ್ಣದ ಕಡ್ಡಿ ಕೊಟ್ಟು, ಮಕ್ಕಳ ಮುಂದೆಯೇ ಹಲಗೆ ತುಂಬ ‘ತಲೆ’ ಎಂದು ಬರೆಸಿದರಂತೆ.

“ಹಬ್ಬಕ್ಕ ಬಂದಾಂವ ನನ್ನ ಕೂಡಾನೂ ಪುಸ್ತಕದಂಗ ಮಾತಾಡಿದ,” ಎಂದಳು. “ಅವತ್ತಿನಿಂದ ಹಿಂಗ ಅದಾನ್ರಿ. ನನ್ನ ಮಗ ನನಗ ಪಾವ್ಹಣ್ಯಾ ಆದ.”

ಪಾವ್ಹಣ್ಯಾ ಎಂದರೆ ಮನೆಗೆ ಬಂದ ನೆಂಟ. ಮಾಸ್ತರು ಅಂಚೆಯಿಂದ ಬಂದಾಗ ಚಹಾ ತರಿಸಿದೆ. ಬಿಡಿಸುವ ಮಾತು ಅಲ್ಲಿಗೇ ನಿಂತಿತು.

ಆದರೆ ಪತ್ರಿಕೆ ನಡೆಯಬೇಕಲ್ಲ? ನಾನೂ ರಾಜೇಸಾಬನೂ ಒಂದು ಉಪಾಯ ಮಾಡಿದೆವು. ಮಾಸ್ತರು ತಿದ್ದಲಿ. ಅವರು ಮನೆಗೆ ಹೋದ ಮೇಲೆ ರಾಜೇಸಾಬ ಊರಿನ ಹೆಸರುಗಳ ಎಕಾರ ಕಿತ್ತು ಇಕಾರ ಹಾಕಲಿ. ಗಡಿಬಿಡಿಯಲ್ಲಿ ಅವನು ಬೇಕಾದ್ದು ಬೇಡಾದ್ದು ಎಲ್ಲದಕ್ಕೂ ಇಕಾರ ಹಾಕಿದ. ‘ಶಾಲಿಯ ಕಟ್ಟಡಕ್ಕೆ ಅಡಿಗಲ್ಲು’ ಎಂದು ಮುಖಪುಟದಲ್ಲೇ ಬಂತು. ಮಾಸ್ತರು ಅದನ್ನು ನೋಡಿ ಮಧ್ಯಾಹ್ನದ ರೊಟ್ಟಿ ಮುಟ್ಟಲಿಲ್ಲ. ತಮ್ಮ ಕಣ್ಣಿನಿಂದ ಇದು ಹೇಗೆ ತಪ್ಪಿಸಿಕೊಂಡಿತೆಂದು ಹಳೆಯ ಪ್ರೂಫುಗಳನ್ನೆಲ್ಲ ಹರವಿಕೊಂಡು ಕುಳಿತರು. ಹಾಗಾಗಿ ಉಪಾಯವನ್ನೂ ಕೈಬಿಟ್ಟೆವು. ಊರಿನ ಹೆಸರು ಬಂದಲ್ಲೆಲ್ಲ ನಾನೇ ಕೊನೆಗೊಮ್ಮೆ ನೋಡತೊಡಗಿದೆ. ತಪ್ಪು ಹುಡುಕಲು ಒಬ್ಬರನ್ನಿಟ್ಟುಕೊಂಡು, ಅವರ ತಪ್ಪು ಹುಡುಕುವ ಕೆಲಸ ನಾನು ಮಾಡಿದೆ. ಇಷ್ಟಾದರೂ ವಾರಕ್ಕೊಂದು ಸಿಂದಗೆ ನುಸುಳುತ್ತಲೇ ಇತ್ತು. ಮಾಸ್ತರ ಪೆನ್ನು ಮಾತ್ರವಲ್ಲ, ಈಗ ರಾಜೇಸಾಬನ ಕೈಯೂ ಅಭ್ಯಾಸ ಬಿದ್ದು, ಇಕಾರ ಕಂಡರೆ ತಾನಾಗಿಯೇ ಎಕಾರದ ಖಾನೆಗೆ ಹೋಗುತ್ತಿತ್ತು.

ಒಂದು ಬೇಸಿಗೆಯಲ್ಲಿ ಅಜ್ಜಿ ತೀರಿಕೊಂಡಳು. ಕಾಯಿಲೆ ಬಿದ್ದು ಮಲಗಿದವಳಲ್ಲ. ಮುಂಜಾನೆ ಕಂಬಳಿ ಝಾಡಿಸಿ ಮಡಿಚಿಟ್ಟು, ಗೋಡೆಗೆ ಒರಗಿ ಕುಳಿತವಳು ಮತ್ತೆ ಏಳಲಿಲ್ಲ. ಮಸೂತಿಯಲ್ಲಿ ಮಣ್ಣು ಮಾಡಿ, ಉತ್ತರಕ್ರಿಯೆಯ ದಿನಕರ್ಮ ಮುಗಿಸಿ, ಮಾಸ್ತರು ಅಚ್ಚುಕೂಟಕ್ಕೆ ಬಂದರು. ಟೊಪ್ಪಿಗೆ ಇರಲಿಲ್ಲ. ತಾಯಿಯ ನೆನಪಿಗೆ ಪತ್ರಿಕೆಯಲ್ಲಿ ನಾಲ್ಕು ಸಾಲು ಹಾಕಬೇಕೆಂದು ಹೇಳಿ, ಬರೆದುತಂದ ಕಾಗದವನ್ನು ನೇರ ರಾಜೇಸಾಬನಿಗೇ ಕೊಟ್ಟರು. ಜೋಡಿಸುವವರೆಗೆ ಅಲ್ಲಿಯೇ ನಿಂತರು.

ರಾಜೇಸಾಬ ಮೊದಲ ಪ್ರೂಫ್ ತೆಗೆದು ಅವರ ಮೇಜಿಗಿಟ್ಟ. ನಾನು ಅವರ ಹೆಗಲ ಹಿಂದಿನಿಂದ ಓದಿದೆ. ‘ಹೊತ್ತಾತು, ಮನೆಗೆ ಬಾ ಎಂದು ದಿನವೂ ಬಾಗಿಲಿಗೆ ಬಂದು ಕರೆಯುತ್ತಿದ್ದ ನಮ್ಮ ತಾಯಿ ಈಗಿಲ್ಲ’ ಎಂದಿತ್ತು. ಅದರ ಕೆಳಗೆ ಆಕೆಯ ಹೆಸರು, ಊರು. ಎಲ್ಲ ಸರಿಯಾಗಿದೆ ಅನ್ನಿಸಿತು. ಮಾಸ್ತರ ಪೆನ್ನು ಮಾತ್ರ ಮೊದಲ ಸಾಲಿನಲ್ಲೇ ನಿಂತಿತು. ಅವರು ಮಾರ್ಕು ಮಾಡಲಿಲ್ಲ. ಎದ್ದು ಮೊಳೆಪೆಟ್ಟಿಗೆಯ ಹತ್ತಿರ ಹೋದರು. ಇಷ್ಟು ವರ್ಷ ಅಕ್ಷರ ತಿದ್ದಿದವರು ಒಂದು ದಿನವೂ ಮೊಳೆ ಮುಟ್ಟಿದವರಲ್ಲ, ಧೋತರಕ್ಕೆ ಮಸಿ ಹತ್ತುತ್ತದೆ ಎನ್ನುತ್ತಿದ್ದರು. ಈಗ ಯಾವ ಖಾನೆಯಲ್ಲಿ ಏನಿದೆ ತಿಳಿಯದೆ ಬೆರಳಾಡಿಸತೊಡಗಿದರು. ರಾಜೇಸಾಬ ಗಾಬರಿಯಾಗಿ ಏನು ಬೇಕೆಂದು ಕೇಳಿದ.

ಒಂದು ‘ನಿ’, ಒಂದು ‘ಗಿ’ ಎಂದರು.

ಆಗ ನನಗೆ ತಿಳಿಯಿತು. ಕಾಗದ ನೋಡಿದೆ. ಮಾಸ್ತರ ದುಂಡು ಅಕ್ಷರದಲ್ಲಿ ‘ಮನಿಗಿ’ ಎಂದೇ ಇತ್ತು. ರಾಜೇಸಾಬನ ಪಳಗಿದ ಕೈ ಅದನ್ನು ತಿದ್ದಿ ಹಾಕಿತ್ತು. ಅವನು ಪಾಪ, ಮಾಸ್ತರು ದುಃಖದಲ್ಲಿ ತಪ್ಪು ಬರೆದಿದ್ದಾರೆ ಎಂದುಕೊಂಡಿದ್ದ. ಈಗಲೂ ಅದನ್ನೇ ಮೆಲ್ಲಗೆ ಹೇಳಿದ.

“ಮನಿಗಿ ತಪ್ಪಲ್ಲೇನ್ರಿ, ಸರ? ನೀವಽ ಕಲಿಸಿದ್ದು.”

ಮಾಸ್ತರು ಮಸಿ ಹತ್ತಿದ ಬೆರಳುಗಳಿಂದ ಆ ಎರಡು ಚೂರು ಸೀಸ ಹಿಡಿದುಕೊಂಡು ನಿಂತಿದ್ದರು. ಸಿಂದಗಿಯಿಂದ, ಹಿಪ್ಪರಗಿಯಿಂದ ವಾರವಾರವೂ ಕಿತ್ತು ಒಗೆದ ಅದೇ ‘ಗಿ’.

“ತಪ್ಪೈತಿ, ಇರ್ಲಿ,” ಎಂದರು. “ಮನೆಗೆ ಬಾ ಅಂದ್ರ ನಮ್ಮವ್ವ ಕರದಂಗ ಆಗೂದಿಲ್ಲ.”

ಐತಿ ಎಂದರು. ನಾನೂ ರಾಜೇಸಾಬನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ರಾಜೇಸಾಬ ಚಿಮಟ ತೆಗೆದುಕೊಂಡು ‘ನೆ’ ಕಿತ್ತು ‘ನಿ’ ಕೂರಿಸಿದ, ‘ಗೆ’ ಕಿತ್ತು ‘ಗಿ’ ಕೂರಿಸಿದ. ಆ ವಾರ ಪತ್ರಿಕೆ ಹಾಗೆಯೇ ಹೋಯಿತು, ಬೆಂಗಳೂರಿಗೂ ಹೋಯಿತು.

ಇದರಿಂದ ಮಾಸ್ತರು ಸುಧಾರಿಸಿದರೆಂದು ಯಾರೂ ತಿಳಿಯಬಾರದು. ಅದೇ ಸಂಚಿಕೆಯ ಹಿಂದಿನ ಪುಟದಲ್ಲಿ ಸಿಂದಗಿ ಎಂದಿನಂತೆ ಸಿಂದಗೆಯಾಗಿತ್ತು, ನಾನು ತಲೆ ಚಚ್ಚಿಕೊಂಡದ್ದೂ ಎಂದಿನಂತೆಯೇ. ಮರುದಿನದಿಂದ ಅವರ ಮಾತು ಮತ್ತೆ ಪುಸ್ತಕಕ್ಕೆ ಹೋಯಿತು. ಹೊಸ ತೊಂದರೆಯೊಂದು ಹುಟ್ಟಿಕೊಂಡಿತು. ಸಂಜೆ ಅವರನ್ನು ಎಬ್ಬಿಸುವವರು ಯಾರೂ ಇರಲಿಲ್ಲ. ಎದುರಿನ ಅಂಗಡಿಗಳು ಮುಚ್ಚುತ್ತಿದ್ದವು, ಕೊನೆಯ ಬಸ್ಸಿನ ಜನ ಇಳಿದು ಹೋಗುತ್ತಿದ್ದರು, ಮಾಸ್ತರು ಕೆಂಪು ಪೆನ್ನು ಹಿಡಿದು, ಆಗಲೇ ಅಚ್ಚಾಗಿ ಬಟವಾಡೆಯಾದ ಸಂಚಿಕೆಯನ್ನು ಮತ್ತೆ ತಿದ್ದುತ್ತ ಕುಳಿತಿರುತ್ತಿದ್ದರು. ನಾನು ಕೀಲಿ ಹಿಡಿದು ಬಾಗಿಲಲ್ಲಿ ನಿಂತು ಕೆಮ್ಮಿದೆ. ದೀಪ ಆರಿಸಿ ಹಚ್ಚಿದೆ. ಹೊತ್ತಾಯಿತು ಮಾಸ್ತರೇ, ಮನೆಗೆ ಹೋಗೋಣ ಎಂದು ಶುದ್ಧವಾಗಿ ಹೇಳಿಯೂ ನೋಡಿದೆ. ಇನ್ನೊಂದು ಪುಟ ಇದೆ ಎಂದರು.

ಒಂದು ಸಂಜೆ ರಾಜೇಸಾಬ ಕೈ ತೊಳೆದು, ಅಂಗಿ ಹಾಕಿಕೊಂಡು, ಹೊರಟವನು ಹೊಸ್ತಿಲ ಹತ್ತಿರ ಅಜ್ಜಿ ನಿಲ್ಲುತ್ತಿದ್ದ ಜಾಗದಲ್ಲೇ ತಿರುಗಿ ನಿಂತ.

“ಸರ, ಹೊತ್ತಾತು. ಮನಿಗಿ ನಡೀರಿ.”

ಮಾಸ್ತರು ತಲೆ ಎತ್ತಿದರು. ಈಗ ತಿದ್ದುತ್ತಾರೆ ಎಂದು ನಾವಿಬ್ಬರೂ ಕಾದೆವು. ಅವರು ಪೆನ್ನಿಗೆ ಮುಚ್ಚಳ ಹಾಕಿದರು, ಟೊಪ್ಪಿಗೆ ಇಟ್ಟುಕೊಂಡರು, ಎದ್ದು ಅವನ ಹಿಂದೆ ನಡೆದರು.